ಮತದ ಕಾವಲು, ಮತದಾರನ ದಾರಿ



ಚುನಾವಣೆಯೊಂದು ಮುಗಿಯಿತೆಂದರೆ ಎರಡು ಬಗೆಯ ದೂರುಗಳು ನಮ್ಮ ಕಿವಿಗೆ ಬೀಳುವುವು. ವೋಟು ಹಾಕಬಾರದವರು ಹಾಕಿದರು, ಸತ್ತವರ ಹೆಸರಿನಲ್ಲಿ ಯಾರೋ ಬಂದು ಗುಂಡಿ ಒತ್ತಿ ಹೋದರು, ಒಬ್ಬನ ಹೆಸರೇ ಎರಡು ಊರುಗಳ ಪಟ್ಟಿಯಲ್ಲಿದೆ ಎಂಬುದು ಮೊದಲನೆಯದು. ವೋಟು ಹಾಕಬೇಕಾದವರಿಗೆ ಅವಕಾಶವೇ ದೊರೆಯಲಿಲ್ಲ, ಮೂವತ್ತು ವರ್ಷದಿಂದ ಇದ್ದ ಹೆಸರು ಈ ಸಲ ಪಟ್ಟಿಯಲ್ಲಿ ಕಾಣಲಿಲ್ಲ, ಬಿಸಿಲಿನಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗಿದೆವು ಎಂಬುದು ಎರಡನೆಯದು. ಮೊದಲಿನವರು ಕಾವಲು ಬಿಗಿಯಾಗಲಿ ಎನ್ನುವರು; ಎರಡನೆಯವರು ಬಾಗಿಲು ಅಗಲವಾಗಲಿ ಎನ್ನುವರು. ಈ ಎರಡು ಬೇಡಿಕೆಗಳೂ ಒಂದಕ್ಕೊಂದು ವಿರುದ್ಧವೆಂದು ಮೇಲುನೋಟಕ್ಕೆ ತೋರುವುದುಂಟು. ಅವು ನಿಜವಾಗಿ ವಿರುದ್ಧವೇ, ವಿರುದ್ಧವಾದರೆ ಯಾವುದನ್ನು ಎಷ್ಟರಮಟ್ಟಿಗೆ ಬಿಡಬೇಕು, ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ನಾವು ಈಗ ಸ್ವಲ್ಪ ವಿಚಾರಮಾಡೋಣ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಮದ್ದೂರಿನ ಬಳಿಯ ಶಿವಪುರದಲ್ಲಿ 1938ನೆಯ ಏಪ್ರಿಲ್ ತಿಂಗಳಲ್ಲಿ ಧ್ವಜಸತ್ಯಾಗ್ರಹ ನಡೆಯಿತು. ನಿಷೇಧವನ್ನು ಮೀರಿ ಬಾವುಟ ಏರಿಸಿದ ಆ ಜನರು ಕೇಳುತ್ತಿದ್ದುದು ಜವಾಬ್ದಾರಿ ಸರ್ಕಾರವನ್ನು. ಎಂದರೆ, ಪ್ರಜೆಗಳು ಆರಿಸಿದವರು ಪ್ರಜೆಗಳಿಗೆ ಲೆಕ್ಕ ಒಪ್ಪಿಸುವ ಸರ್ಕಾರವನ್ನು. ಆ ಹಂಬಲ ಈ ಭಾಗದಲ್ಲಿ ಇನ್ನೂ ಆರಿಲ್ಲವೆಂಬುದಕ್ಕೆ ಅಂಕಿಗಳೇ ಸಾಕ್ಷಿ. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲಿ ನೂರಕ್ಕೆ 80ನ್ನು ಮೀರಿ, 2024ರಲ್ಲಿ 81ನ್ನು ಮೀರಿ ಮತದಾನವಾಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಜಿಲ್ಲೆಯ ಮೇಲುಕೋಟೆ ನೂರಕ್ಕೆ 90ನ್ನು ದಾಟಿತು; ಬೆಂಗಳೂರಿನ ಒಳಗಿನ ಸಿ. ವಿ. ರಾಮನ್ ನಗರ 47ರ ಸುಮಾರಿಗೆ ನಿಂತಿತು. ಓದು ಬಲ್ಲವರು ಹೆಚ್ಚಾಗಿರುವೆಡೆ ಮತಗಟ್ಟೆ ಬರಿದಾಗಿಯೂ, ಕಬ್ಬು ಬತ್ತ ಬೆಳೆಯುವೆಡೆ ಮತಗಟ್ಟೆ ತುಂಬಿಯೂ ಇರುವುದು ನಗರವಾಸಿಗಳಾದ ಶ್ರೋತೃಗಳು ಒಂದು ಕ್ಷಣ ನಿಂತು ಯೋಚಿಸತಕ್ಕ ಸಂಗತಿ.

ಪೂರ್ವಸ್ಥಿತಿಯನ್ನು ಮೊದಲು ನೋಡೋಣ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪಿತವಾಯಿತು. ಮೊದಲ ಸಭೆಗೆ ಬಂದ 144 ಮಂದಿ ಆಯ್ಕೆಯಾದವರಲ್ಲ, ಕರೆಸಿಕೊಂಡವರು. 1891ರಿಂದ ಚುನಾವಣೆಯ ಪದ್ಧತಿ ಬಂದರೂ ಆಸ್ತಿಪಾಸ್ತಿ ಉಳ್ಳವರಿಗೆ ಮಾತ್ರ ಮತದ ಹಕ್ಕಿದ್ದಿತು. ಸ್ತ್ರೀಯರಿಗೆ 1923ರ ಶಾಸನದ ಕಾಲದವರೆಗೂ ಆ ಬಾಗಿಲು ತೆರೆಯಲಿಲ್ಲ. ಅಂತಹ ಪಟ್ಟಿಯನ್ನು ಕಾಯುವುದು ಎಷ್ಟು ಸುಲಭ! ಹೆಸರುಗಳು ಕೆಲವೇ, ಹೆಸರಿನ ಒಡೆಯನನ್ನು ಶಾನುಭೋಗರು ಮುಖ ನೋಡಿಯೇ ಗುರುತಿಸುವರು, ಸುಳ್ಳು ವೋಟಿಗೆ ಎಡೆಯೇ ಇಲ್ಲ. ಇದರಿಂದ ಒಂದು ಮಾತು ಸ್ಪಷ್ಟವಾಗುವುದು. ಬಹುಮಂದಿಯನ್ನು ಹೊರಗಿಟ್ಟ ಪಟ್ಟಿಯಷ್ಟು ಭದ್ರವಾದ ಪಟ್ಟಿ ಇನ್ನೊಂದಿಲ್ಲ. ಭದ್ರತೆಯೊಂದನ್ನೇ ಅಳತೆಗೋಲಾಗಿ ಹಿಡಿದರೆ ನಾವು ಹಿಂದಕ್ಕೆ ನಡೆಯಬೇಕಾದೀತು.

ಸ್ವತಂತ್ರ ಭಾರತವು ಆ ದಾರಿಯನ್ನು ಹಿಡಿಯಲಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಹದಿನೇಳು ಕೋಟಿಗೂ ಮೇಲ್ಪಟ್ಟ ಜನರ ಹೆಸರುಗಳು ಪಟ್ಟಿಗೆ ಏರಿದುವು. ಅವರಲ್ಲಿ ಬಹುಪಾಲು ಜನಕ್ಕೆ ಅಕ್ಷರ ಬಾರದು. ಆಗ ಒಂದು ಇಕ್ಕಟ್ಟು ಒದಗಿತು. ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ಪರಪುರುಷನಾದ ಗುಮಾಸ್ತನಿಗೆ ತಮ್ಮ ಹೆಸರನ್ನು ಹೇಳಲು ಒಪ್ಪದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನರು, ಸ್ವಂತ ಹೆಸರಿಲ್ಲದ ನಮೂದನ್ನು ಒಪ್ಪುವಂತಿಲ್ಲವೆಂದು ನಿಶ್ಚಯಿಸಿದರು. ಪರಿಣಾಮವಾಗಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಬಿಟ್ಟುಹೋದುವು. ನಿಯಮ ಅನ್ಯಾಯವಾದುದಲ್ಲ, ಹೆಸರಿಲ್ಲದ ಮತದಾರಳನ್ನು ಗುರುತಿಸುವುದಾದರೂ ಹೇಗೆ? ಆದರೂ ನಷ್ಟ ಅನುಭವಿಸಿದವರು ಯಾರು? ಮೋಸಗಾರರಲ್ಲ. ಯಾವ ತಪ್ಪನ್ನೂ ಮಾಡದ 28 ಲಕ್ಷ ಹೆಂಗಸರು. ಒಳ್ಳೆಯ ಉದ್ದೇಶದ ನಿಯಮವೂ ಕಾಲಾವಕಾಶ ಕೊಡದಿದ್ದರೆ ಏನಾದೀತೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಸುಳ್ಳು ವೋಟು ಬಿದ್ದರೆ ಎದುರು ಪಕ್ಷದ ಒಂದು ನಿಜವಾದ ವೋಟು ವ್ಯರ್ಥವಾಗುವುದು. ಒಬ್ಬ ನಿಜವಾದ ಮತದಾರನನ್ನು ಬಾಗಿಲಲ್ಲಿ ತಡೆದರೂ ಒಂದು ನಿಜವಾದ ವೋಟೇ ವ್ಯರ್ಥವಾಗುವುದು. ಎರಡು ಕಡೆಯೂ ನಷ್ಟ ಒಂದೊಂದೇ. ಮಳವಳ್ಳಿಯಿಂದ ದಕ್ಷಿಣಕ್ಕೆ ಕಾವೇರಿಯನ್ನು ದಾಟಿದರೆ ಚಾಮರಾಜನಗರದ ಸೀಮೆ. ಅಲ್ಲಿ ಸಂತೇಮರಹಳ್ಳಿಯೆಂಬ ಕ್ಷೇತ್ರವೊಂದಿದ್ದಿತು. 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಂದ ಮತಗಳು 40,752, ಎ. ಆರ್. ಕೃಷ್ಣಮೂರ್ತಿ ಅವರಿಗೆ ಬಂದುವು 40,751. ಅಂತರ ಒಂದೇ ಒಂದು. ಅಂತಹ ಸ್ಥಳದಲ್ಲಿ ಒಂದು ಸುಳ್ಳು ವೋಟು ಬಿದ್ದಿದ್ದರೂ ಫಲ ಬದಲಾಗಬಹುದಾಗಿತ್ತು. ಒಬ್ಬ ಮತದಾರ ಹಿಂದಿರುಗಿದ್ದರೂ ಬದಲಾಗಬಹುದಾಗಿತ್ತು. 2023ರಲ್ಲಿ ಬೆಂಗಳೂರಿನ ಜಯನಗರದ ಫಲ 16 ಮತಗಳಿಂದ ನಿರ್ಧಾರವಾಯಿತು. ಆದುದರಿಂದ ಸುಳ್ಳು ವೋಟನ್ನು ಲಘುವಾಗಿ ಎಣಿಸುವವರೂ, ತಡೆಯಲ್ಪಟ್ಟ ವೋಟನ್ನು ಲಘುವಾಗಿ ಎಣಿಸುವವರೂ, ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಿರುವರೆಂದು ತಿಳಿಯಬೇಕು.

ಮಂಡ್ಯದ ಕಡೆಯ ರೈತನಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಬಯಲನ್ನು ಹಾದು ಮದ್ದೂರು ಮಳವಳ್ಳಿಗಳ ತುದಿಯ ಗದ್ದೆಗಳನ್ನು ಮುಟ್ಟಬೇಕು. ತೂಬಿಗೆ ಕಾವಲಿಲ್ಲದಿದ್ದರೆ ಮೇಲಿನವನು ರಾತ್ರೋರಾತ್ರಿ ನೀರನ್ನು ತಿರುಗಿಸಿಕೊಳ್ಳುವನು. ಕಳ್ಳರ ಭಯವೆಂದು ತೂಬನ್ನೇ ಮುಚ್ಚಿ ಬೀಗವಿಟ್ಟರೆ ತುದಿಯವನ ಬತ್ತ ಒಣಗುವುದು. ನೀರುಗಂಟಿಯ ಕೆಲಸ ಕಾಯುವುದೂ ಹೌದು, ಹಾಯಿಸುವುದೂ ಹೌದು. ತುದಿಯ ಗದ್ದೆಗೆ ನೀರು ಸೇರಿತೇ ಎಂದು ನೋಡದೆ, ಕಳ್ಳತನವಾಗಲಿಲ್ಲವೆಂದು ಮಾತ್ರ ಹೇಳಿ ಹೋಗುವ ನೀರುಗಂಟಿಯನ್ನು ಊರವರು ಒಪ್ಪುವುದಿಲ್ಲ. ಚುನಾವಣೆ ನಡೆಯಿಸುವ ಅಧಿಕಾರಿಯೂ ಇದೇ ಬಗೆಯ ಎರಡು ಹೊಣೆ ಹೊತ್ತವನು.

ಹಾಗಾದರೆ ಯಾವ ಕಾವಲು ತಕ್ಕದ್ದು, ಯಾವುದು ತಕ್ಕುದಲ್ಲ ಎಂದು ತಿಳಿಯುವ ಬಗೆ ಹೇಗೆ? ನಮಗೆ ತೋರುವಮಟ್ಟಿಗೆ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಈ ಕಾವಲು ಕಳ್ಳನನ್ನು ಎಷ್ಟು ಹಿಡಿಯುವುದು, ಸಾಧುವನ್ನು ಎಷ್ಟು ತಡೆಯುವುದು? ಇದು ಮೊದಲನೆಯದು. ಸಂಶಯ ಬಂದಾಗ ರುಜುವಾತಿನ ಹೊರೆ ಯಾರ ತಲೆಯ ಮೇಲೆ ಬೀಳುವುದು? ಇದು ಎರಡನೆಯದು. ತಪ್ಪಾದರೆ ಮತದಾನಕ್ಕೆ ಮುಂಚೆಯೇ ತಿದ್ದಿಕೊಳ್ಳಲು ಕಾಲವೂ ದಾರಿಯೂ ಇದೆಯೇ? ಇದು ಮೂರನೆಯದು. ನಮ್ಮಲ್ಲಿ ಬಳಕೆಯಲ್ಲಿರುವ ಕೆಲವು ಏರ್ಪಾಡುಗಳನ್ನು ಈ ಒರೆಗಲ್ಲಿಗೆ ಉಜ್ಜಿ ನೋಡೋಣ.

ಮೈಸೂರಿನವರ ಹೆಮ್ಮೆಯ ವಸ್ತುವೊಂದರಿಂದಲೇ ಮೊದಲುಮಾಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಸ್ಥಾಪಿತವಾದ ಮೈಸೂರು ಪೇಂಟ್ಸ್ ಸಂಸ್ಥೆಯು 1962ರ ಮಹಾಚುನಾವಣೆಯಿಂದ ಮೊದಲುಗೊಂಡು ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆರಳಿನ ಚರ್ಮಕ್ಕೆ ಹಿಡಿದು, ಬೆಳಕು ತಾಗಿ ಕಪ್ಪಾಗುವುದು. ಸಾಬೂನಿನಿಂದ ತಿಕ್ಕಿದರೆ ಹೋಗದು. ಈ ಕಾವಲಿನ ಗುಣವನ್ನು ನೋಡಿ. ಅದು ಮತದಾರನಿಂದ ಕಾಗದವನ್ನು ಕೇಳುವುದಿಲ್ಲ, ಅಕ್ಷರವನ್ನು ಕೇಳುವುದಿಲ್ಲ, ಕಚೇರಿಗೆ ಅಲೆಯಿಸುವುದಿಲ್ಲ. ಎರಡನೆಯ ಸಲ ಬರುವವನನ್ನು ಹಿಡಿಯುವುದು. ಮೊದಲನೆಯ ಸಲ ಬಂದವನಿಗೆ ಯಾವ ಅಡ್ಡಿಯನ್ನೂ ಮಾಡದು. ಎಡಗೈಯ ತೋರುಬೆರಳಿನ ಆ ಒಂದು ಗೆರೆ, ಕಾವಲು ಹೇಗಿರಬೇಕೆಂಬುದಕ್ಕೆ ಮಾದರಿ.

ಇನ್ನೊಂದು ಉದಾಹರಣೆ ಮಂಡ್ಯದ್ದೇ. 2019ರ ಲೋಕಸಭಾ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರ ಜೊತೆಗೆ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಹೆಸರೊಂದನ್ನೇ ನೋಡಿ ಗುಂಡಿ ಒತ್ತುವ ಮತದಾರ ಮೋಸಹೋಗುವ ಸಂಭವವಿದ್ದಿತು. ಇದಕ್ಕೆ ಪರಿಹಾರವೇನು? ಒಂದೇ ಹೆಸರಿನವರು ನಿಲ್ಲಕೂಡದೆಂದು ವಿಧಿಸುವುದೇ? ಹಾಗೆ ಮಾಡಿದರೆ ಒಬ್ಬ ಪ್ರಜೆಯ ಸ್ಪರ್ಧಿಸುವ ಹಕ್ಕನ್ನು ಅವನ ತಂದೆತಾಯಿಗಳು ಇಟ್ಟ ಹೆಸರಿಗಾಗಿ ಕಸಿದುಕೊಂಡಂತಾಗುವುದು. ಚುನಾವಣಾ ಆಯೋಗವು 2015ರಿಂದಲೇ ಮತಯಂತ್ರದ ಮೇಲೆ ಅಭ್ಯರ್ಥಿಯ ಭಾವಚಿತ್ರವನ್ನು ಅಚ್ಚುಹಾಕಿಸುವ ಕ್ರಮವನ್ನು ತಂದಿತ್ತು. ಮಂಡ್ಯದ ಮತದಾರರು ಚಿತ್ರವನ್ನೂ ಚಿಹ್ನೆಯನ್ನೂ ನೋಡಿ ತಮಗೆ ಬೇಕಾದವರನ್ನೇ ಆರಿಸಿದರು. ಗೆಲುವಿನ ಅಂತರ ಒಂದು ಲಕ್ಷವನ್ನು ಮೀರಿತು. ಯಾರ ಹಕ್ಕನ್ನೂ ಮುಟ್ಟದೆ ಗೊಂದಲವನ್ನು ಕಳೆದ ಉಪಾಯವಿದು.

ಗುರುತಿನ ಚೀಟಿಯ ವಿಷಯ ಇಷ್ಟು ಸರಳವಲ್ಲ. ಟಿ. ಎನ್. ಶೇಷನ್ ಅವರ ಕಾಲದಲ್ಲಿ, 1993ರಲ್ಲಿ, ಭಾವಚಿತ್ರವುಳ್ಳ ಚೀಟಿಯನ್ನು ಕೊಡುವ ಕಾರ್ಯ ಮೊದಲಾಯಿತು. ಇನ್ನೊಬ್ಬರ ಹೆಸರಿನಲ್ಲಿ ವೋಟು ಹಾಕುವುದಕ್ಕೆ ಅದರಿಂದ ದೊಡ್ಡ ತಡೆಯಾಯಿತು. ಆದರೆ ಚೀಟಿ ಕಳೆದುಹೋದವನ ಗತಿ ಏನು? 2024ರ ಚುನಾವಣೆಯಲ್ಲಿ ಆಯೋಗವು ಚೀಟಿಯ ಬದಲಿಗೆ ಇನ್ನು ಹನ್ನೆರಡು ಬಗೆಯ ದಾಖಲೆಗಳನ್ನು ಒಪ್ಪಿತು. ಉದ್ಯೋಗ ಖಾತರಿಯ ಕಾರ್ಡು, ಭಾವಚಿತ್ರವುಳ್ಳ ಬ್ಯಾಂಕು ಅಂಚೆ ಕಚೇರಿಗಳ ಪಾಸುಪುಸ್ತಕ ಇವೂ ಅವುಗಳಲ್ಲಿ ಸೇರಿದ್ದುವು. ಮಳವಳ್ಳಿಯ ಕೂಲಿಯ ಹೆಂಗಸಿನ ಬಳಿ ಪಾಸ್‌ಪೋರ್ಟ್ ಇರಲಾರದು. ಉದ್ಯೋಗ ಖಾತರಿಯ ಕಾರ್ಡು ಇರಬಹುದು. ದಾಖಲೆಗಳ ಪಟ್ಟಿಯನ್ನು ಸಿದ್ಧಪಡಿಸುವವರು ತಮ್ಮ ಮೇಜಿನ ಸೆಳೆಖಾನೆಯಲ್ಲಿ ಏನಿದೆಯೆಂದು ನೋಡದೆ, ಆಕೆಯ ಪೆಟ್ಟಿಗೆಯಲ್ಲಿ ಏನಿದೆಯೆಂದು ನೋಡಬೇಕು. ಆಗ ಕಾವಲಿನ ಬಿಗಿ ಸಡಿಲವಾಗದೆಯೇ ದಾರಿ ತೆರೆಯುವುದು.

ಮತಗಟ್ಟೆಯೊಳಗಿನ ಮೂರು ನಿಯಮಗಳನ್ನು ನಮ್ಮವರಲ್ಲಿ ಅನೇಕರು ಕೇಳಿಯೇ ಇರಲಿಕ್ಕಿಲ್ಲ. ಮನೆಗೆ ಬೀಗ ಹಾಕಿದವರು, ಊರು ಬಿಟ್ಟವರು, ಸತ್ತವರು ಎಂದು ಅಧಿಕಾರಿಗಳಿಗೆ ತೋರಿದ ಹೆಸರುಗಳ ಪಟ್ಟಿಯೊಂದು ಅಧ್ಯಕ್ಷಾಧಿಕಾರಿಯ ಕೈಯಲ್ಲಿರುವುದು. ಆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ಬಂದವನ ದಾಖಲೆಯನ್ನು ಹೆಚ್ಚು ಎಚ್ಚರದಿಂದ ನೋಡಿ, ರುಜುವಿನ ಜೊತೆಗೆ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು ವೋಟು ಹಾಕಗೊಡಬೇಕು. ಎರಡನೆಯದು, ಯಾವನಾದರೂ ಏಜೆಂಟನು ಈತ ಆ ಮನುಷ್ಯನಲ್ಲವೆಂದು ಆಕ್ಷೇಪಿಸಬೇಕಾದರೆ, 1961ರ ನಿಯಮಗಳಂತೆ ಎರಡು ರೂಪಾಯಿ ಠೇವಣಿ ಇಡಬೇಕು. ಆಕ್ಷೇಪಣೆ ಬರಿಯ ತಂಟೆಯೆಂದು ಕಂಡರೆ ಹಣ ಮುಟ್ಟುಗೋಲಾಗುವುದು. ಹಣ ಅಲ್ಪವೇ, ಆದರೆ ತತ್ವ ದೊಡ್ಡದು. ಸಂಶಯಪಡುವವನು ತನ್ನ ಸಂಶಯಕ್ಕೆ ಹೊಣೆಯಾಗಬೇಕು. ಮೂರನೆಯದು, ನಿಮ್ಮ ಹೆಸರಿನಲ್ಲಿ ಬೇರೊಬ್ಬನು ಆಗಲೇ ವೋಟು ಹಾಕಿ ಹೋಗಿದ್ದರೆ, ನೀವೇ ನಿಜವಾದ ಮತದಾರರೆಂದು ಅಧಿಕಾರಿಗೆ ಮನದಟ್ಟಾದ ಮೇಲೆ ನಿಮಗೊಂದು ಮತಪತ್ರ ದೊರೆಯುವುದು. ಅದನ್ನು ಯಂತ್ರದ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಮೊಹರು ಮಾಡಿ ಇಡುವರು. ಮುಂದೆ ವ್ಯಾಜ್ಯವೆದ್ದರೆ ನ್ಯಾಯಾಲಯವು ಅದನ್ನು ನೋಡಬಹುದು. ಈ ಮೂರು ನಿಯಮಗಳೂ ಕಾವಲನ್ನು ಬಿಟ್ಟುಕೊಡದೆ ಮತದಾರನ ಮಾನವನ್ನು ಕಾಯುವುವು.

ಮುದುಕರೂ ಅಂಗವಿಕಲರೂ ಮತಗಟ್ಟೆಗೆ ಬರಲಾರರು. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ 80 ವರ್ಷ ಮೀರಿದವರಿಗೂ, ನೂರಕ್ಕೆ 40ಕ್ಕೆ ಕಡಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೂ ಮನೆಯಲ್ಲಿಯೇ ಅಂಚೆಮತ ಹಾಕುವ ಏರ್ಪಾಡಾಯಿತು; 2024ರಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದರು. ಇಲ್ಲಿ ಅಪಾಯವಿಲ್ಲವೆನ್ನುವಂತಿಲ್ಲ. ಮನೆಯೊಳಗೆ ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಗುಟ್ಟು ಉಳಿಯುವುದೆಂತು? ಅದಕ್ಕಾಗಿಯೇ ಅಧಿಕಾರಿಗಳ ತಂಡದೊಂದಿಗೆ ಪೊಲೀಸರೂ ಚಿತ್ರೀಕರಿಸುವವರೂ ಹೋಗುವರು. ಅಭ್ಯರ್ಥಿಗಳಿಗೆ ಮುಂಚಿತವಾಗಿ ತಿಳಿಸುವರು. ಮತಪತ್ರ ತುಂಬುವಾಗ ಮರೆ ಇರಬೇಕೆಂಬ ಕಟ್ಟಳೆಯಿದೆ. ಬಾಗಿಲನ್ನು ಅಗಲಮಾಡಿದಷ್ಟೂ ಕಾವಲಿನ ಖರ್ಚು ಹೆಚ್ಚುವುದು. ಆ ಖರ್ಚನ್ನು ಮುದುಕರಿಂದ ವಸೂಲು ಮಾಡದೆ ಸರ್ಕಾರವೇ ಹೊತ್ತುದು ನ್ಯಾಯ.

ಇನ್ನು ಎಲ್ಲಕ್ಕಿಂತ ಕಠಿನವಾದ ಸಂಗತಿ, ಪಟ್ಟಿಯಿಂದ ಹೆಸರು ತೆಗೆಯುವುದು. ತೆಗೆಯಲೇಬೇಕು, ಸತ್ತವರು ಪಟ್ಟಿಯಲ್ಲಿ ಉಳಿದರೆ ಮೋಸಕ್ಕೆ ಆಹ್ವಾನವಿತ್ತಂತೆ. ಆದರೆ ಹೇಗೆ ತೆಗೆಯಬೇಕು? 1995ರಲ್ಲಿ ಲಾಲ್ ಬಾಬು ಹುಸೇನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದಾರಿಯನ್ನು ತೋರಿಸಿತು. ಒಮ್ಮೆ ಪಟ್ಟಿಯಲ್ಲಿ ಸೇರಿದ ಹೆಸರು ಕ್ರಮವಾಗಿಯೇ ಸೇರಿದೆಯೆಂದು ಭಾವಿಸತಕ್ಕದ್ದು. ನೋಟೀಸು ಕೊಟ್ಟು, ಆತನ ಮಾತನ್ನು ಕೇಳಿದ ಹೊರತು ಅದನ್ನು ತೆಗೆಯಕೂಡದು. ಈ ತತ್ವ ಎಷ್ಟು ಅಗತ್ಯವೆಂಬುದು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಕಂಡುಬಂದಿತು. 2022ರ ಕೊನೆಯಲ್ಲಿ ಅಲ್ಲಿ ಹೆಸರು ತೆಗೆಯಬೇಕೆಂದು ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದುವು. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಅವುಗಳಲ್ಲಿ ಸರಿಯಾದುವು 24 ಮಾತ್ರ. ಉಳಿದ 5,994 ಸುಳ್ಳೆಂದು ತಿಳಿದು ತಿರಸ್ಕೃತವಾದುವು. 2023ರ ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ಹೋಯಿತು. ಪಟ್ಟಿಯನ್ನು ಶುದ್ಧಮಾಡುವ ಉಪಕರಣವನ್ನೇ ಪಟ್ಟಿಯನ್ನು ಕೆಡಿಸಲು ಬಳಸುವ ಪ್ರಯತ್ನವಿದು. ಮನೆಮನೆಗೆ ಹೋಗಿ ಕೇಳುವ ಹಳೆಯ ಪದ್ಧತಿಯೇ ಕೊನೆಗೆ ಕಾಪಾಡಿತು.

ಆಳಂದದ ಸುದ್ದಿ ದೊಡ್ಡದಾದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಆಯೋಗವು ಅಂತರ್ಜಾಲದ ಅರ್ಜಿಗಳಿಗೆ ಆಧಾರಿನ ಮೂಲಕ ದೃಢಪಡಿಸುವ ಸಹಿಯೊಂದನ್ನು ಗೊತ್ತುಮಾಡಿತು. ಮಂದಿಯ ಹೆಸರು ತೆಗೆಯಿಸಲು ಬರುವವನು ತನ್ನ ಹೆಸರನ್ನು ತೋರಿಸಲಿ ಎಂಬುದು ಯುಕ್ತವೇ. ಆದರೆ ಅದೇ ಬೀಗವು ಹೊಸದಾಗಿ ಹೆಸರು ಸೇರಿಸಬಯಸುವ ಹದಿನೆಂಟರ ಹುಡುಗಿಯ ಮುಂದೆಯೂ ಬೀಳುವುದು. ಆಕೆಯ ಆಧಾರಿಗೆ ಜೋಡಿಸಿದ ಫೋನಿನ ಸಂಖ್ಯೆ ಅಣ್ಣನದಾಗಿದ್ದರೆ, ಆಕೆಯ ಹಕ್ಕು ಅಣ್ಣನ ಜೇಬಿನಲ್ಲಿ ಕುಳಿತಂತೆ. ಕಾಗದದ ಅರ್ಜಿ ಬಳಕೆಯಲ್ಲಿರುವವರೆಗೆ ಈ ತೊಡಕು ದೊಡ್ಡದಲ್ಲ. ಆದುದರಿಂದ ಆಧುನಿಕ ಬಾಗಿಲು ತೆರೆಯಿತೆಂದು ಹಳೆಯ ಬಾಗಿಲನ್ನು ಮುಚ್ಚುವ ಅವಸರ ಬೇಡ.

ಕಾಯುವವರ ಕೈಯನ್ನೂ ಕಾಯಬೇಕಾಗುವುದು. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮತದಾರರಿಗೆ ತಿಳಿವಳಿಕೆ ಕೊಡಲು ಅನುಮತಿ ಪಡೆದಿದ್ದ ಖಾಸಗಿ ಸಂಸ್ಥೆಯೊಂದರ ಕಡೆಯವರು ಮತಗಟ್ಟೆ ಮಟ್ಟದ ಅಧಿಕಾರಿಗಳೆಂದು ಹೇಳಿಕೊಂಡು ಜನರ ವಿವರಗಳನ್ನು ಸಂಗ್ರಹಿಸಿದರೆಂಬ ಆರೋಪ ಎದ್ದಿತು. ಆಯೋಗವು ಹಿರಿಯ ಅಧಿಕಾರಿಗಳನ್ನು ಅಮಾನತಿನಲ್ಲಿಡಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ ಮತ್ತು ತೆಗೆದ ಹೆಸರುಗಳನ್ನು ಮರಳಿ ಪರಿಶೀಲಿಸುವಂತೆ ಆಜ್ಞೆಮಾಡಿತು. ಬಾಗಿಲಿಗೆ ಬಂದು ಹೆಸರು ಕೇಳುವವನ ಗುರುತನ್ನು ಮತದಾರನೂ ಕೇಳಬೇಕೆಂಬುದು ಇದರಿಂದ ಕಲಿಯತಕ್ಕ ಪಾಠ.

ದೊಡ್ಡ ಪ್ರಮಾಣದ ಪರಿಷ್ಕರಣದಲ್ಲಿ ಮೂರನೆಯ ಪ್ರಶ್ನೆಯ, ಎಂದರೆ ಕಾಲಾವಕಾಶದ, ಮಹತ್ವ ಇನ್ನೂ ಹೆಚ್ಚು. ಬಿಹಾರದಲ್ಲಿ 2025ರ ಜೂನಿನಲ್ಲಿ ವಿಶೇಷ ಪರಿಷ್ಕರಣ ಮೊದಲಾಗಿ, ಆಗಸ್ಟ್ 1ರಂದು ಪ್ರಕಟವಾದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹಳೆಯ ಹೆಸರುಗಳು ಕಾಣಲಿಲ್ಲ. ಸತ್ತವರು, ಬೇರೆಡೆಗೆ ಹೋದವರು, ಎರಡು ಕಡೆ ಇದ್ದವರು ಎಂಬುದು ಕಾರಣ. ಯಾರ ಹೆಸರು ಯಾವ ಕಾರಣದಿಂದ ಹೋಯಿತೆಂದು ಎಲ್ಲರೂ ನೋಡುವಂತೆ ಪ್ರಕಟಿಸಬೇಕೆಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಸೆಪ್ಟೆಂಬರ್ 8ರಂದು ಆಧಾರನ್ನೂ ಗುರುತಿನ ದಾಖಲೆಯಾಗಿ ಒಪ್ಪಬೇಕೆಂದಿತು. ಪರಿಷ್ಕರಣ ಬೇಕೇ ಬೇಡವೇ ಎಂಬ ವಾದದಲ್ಲಿ ನಾವು ಇಲ್ಲಿ ತೊಡಗುವುದಿಲ್ಲ. ಹೆಸರು ಹೋದವನಿಗೆ ಹೋಯಿತೆಂದು ತಿಳಿಯಬೇಕು, ಏಕೆ ಹೋಯಿತೆಂದು ತಿಳಿಯಬೇಕು, ಮತದಾನಕ್ಕೆ ಮೊದಲೇ ತಿಳಿಯಬೇಕು ಎಂಬ ಮಾತನ್ನು ಯಾವ ಪಕ್ಷದವರೂ ಅಲ್ಲಗಳೆಯಲಾರರು.

ಯಂತ್ರದ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು. ಗುಂಡಿ ಒತ್ತಿದ ಮೇಲೆ ಏಳು ಸೆಕೆಂಡು ಕಾಣುವ ಚೀಟಿಯು ಮತದಾರನ ಸಮಾಧಾನಕ್ಕಾಗಿ ಬಂದುದು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿಯೆತ್ತಿ ಆರಿಸಿದ ಐದು ಮತಗಟ್ಟೆಗಳ ಎಣಿಕೆ ಸಾಕೆಂದಿತು. ಆದರೆ ಸೋತವರು ಕೇಳಿಕೊಂಡರೆ ನೂರಕ್ಕೆ ಐದರಷ್ಟು ಯಂತ್ರಗಳನ್ನು ಪರೀಕ್ಷಿಸಲು ದಾರಿಮಾಡಿತು. ಆ ತೀರ್ಪು ಹೊರಬಿದ್ದ ದಿನವೇ ಮಂಡ್ಯದಲ್ಲಿ ಮತದಾನ ನಡೆಯುತ್ತಿದ್ದಿತು. ದೆಹಲಿಯಲ್ಲಿ ನಂಬಿಕೆಯ ವಿಚಾರ ಇತ್ಯರ್ಥವಾಗುತ್ತಿದ್ದಾಗ ಮದ್ದೂರಿನಲ್ಲಿಯೂ ಮಳವಳ್ಳಿಯಲ್ಲಿಯೂ ಜನ ಸಾಲುಗಟ್ಟಿ ನಿಂತಿದ್ದರು. ನಂಬಿಕೆಯೂ ಚುನಾವಣೆಯ ಆಸ್ತಿಯೇ. ಕಾವಲು ಕಣ್ಣಿಗೆ ಕಾಣದಿದ್ದರೆ ನಂಬಿಕೆ ಕರಗುವುದು. ಆಧಾರವಿಲ್ಲದ ಸಂಶಯವನ್ನು ದಿನವೂ ಬಿತ್ತಿದರೂ ಕರಗುವುದು.

ಕೊನೆಯದಾಗಿ ಈ ಮೂರು ಊರುಗಳಿಗೆ ನೇರವಾಗಿ ಸಂಬಂಧಪಟ್ಟ ತೊಡಕು. ಮಂಡ್ಯದ, ಮದ್ದೂರಿನ, ಮಳವಳ್ಳಿಯ ಸಾವಿರಾರು ಮಂದಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ದುಡಿಯುತ್ತಿರುವರು. ಚುನಾವಣೆಯ ಹಿಂದಿನ ಸಂಜೆ ಊರ ಕಡೆಯ ಬಸ್ಸುಗಳು ತುಂಬುವುದನ್ನು ಬಲ್ಲವರು ಬಲ್ಲರು. ಇವರ ವೋಟು ಎಲ್ಲಿರಬೇಕು? 1950ರ ಪ್ರಜಾಪ್ರಾತಿನಿಧ್ಯ ಅಧಿನಿಯಮದಂತೆ, ಮನುಷ್ಯನು ಸಾಮಾನ್ಯವಾಗಿ ವಾಸಮಾಡುವಲ್ಲಿ. ಊರಿನಲ್ಲಿ ಮನೆಯಿದೆಯೆಂಬ ಮಾತ್ರಕ್ಕೆ ಅಲ್ಲಿಯ ವಾಸಿಯಾಗುವುದಿಲ್ಲ. ಕೆಲವು ಕಾಲ ಹೊರಗೆ ಹೋದನೆಂಬ ಮಾತ್ರಕ್ಕೆ ಆ ವಾಸ ತಪ್ಪುವುದೂ ಇಲ್ಲ. ಮದ್ದೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು ಮದ್ದೂರಿನವನೇ. ಎರಡು ತಿಂಗಳು ಕಟ್ಟಡದ ಕೆಲಸಕ್ಕೆ ಹೋದವನ ಬೀಗದ ಮನೆಯನ್ನು ನೋಡಿ ಹೆಸರು ಹೊಡೆದುಹಾಕಿದರೆ ಅದು ಅನ್ಯಾಯ. ಹೆಂಡತಿ ಮಕ್ಕಳೊಡನೆ ಹತ್ತು ವರ್ಷದಿಂದ ವಿಜಯನಗರದಲ್ಲಿ ಸಂಸಾರ ಹೂಡಿದವನು ಮಳವಳ್ಳಿಯಲ್ಲಿಯೂ ಒಂದು, ಬೆಂಗಳೂರಿನಲ್ಲಿಯೂ ಒಂದು ಹೆಸರನ್ನಿಟ್ಟುಕೊಂಡಿದ್ದರೆ, ಅದೂ ಅನ್ಯಾಯವೇ. ಎರಡು ಕಡೆ ಹೆಸರಿರಕೂಡದೆಂದು ಕಾನೂನಿದೆ. ಎರಡು ಕ್ಷೇತ್ರಗಳಲ್ಲಿ ವೋಟು ಹಾಕಿದರೆ ಆ ವೋಟುಗಳೆಲ್ಲವೂ ಅಸಿಂಧುವಾಗುವುವು. ಪಟ್ಟಿಗಾಗಿ ತಿಳಿದೂ ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಸೆರೆಮನೆಯಾಗಬಹುದು.

ಹುಟ್ಟಿದೂರಿನ ಪಟ್ಟಿಯಿಂದ ಹೆಸರು ತೆಗೆಯಿಸುವುದು ಮನಸ್ಸಿಗೆ ನೋವಿನ ಕೆಲಸವೆಂದು ನಾವು ಬಲ್ಲೆವು. ಅಪ್ಪನ ಹೊಲ ಅಲ್ಲಿದೆ, ಹಬ್ಬದ ತೇರು ಅಲ್ಲಿದೆ, ಬಳಗವೆಲ್ಲ ಅಲ್ಲಿದೆ. ಆದರೆ ನಮ್ಮ ನಲ್ಲಿಯ ನೀರು, ನಮ್ಮ ಮಕ್ಕಳ ಶಾಲೆ, ನಮ್ಮ ಬೀದಿಯ ಚರಂಡಿ ಇವು ಎಲ್ಲಿವೆಯೋ ಅಲ್ಲಿಯ ಪ್ರತಿನಿಧಿಯನ್ನು ಆರಿಸುವ ಹೊಣೆ ನಮ್ಮದಲ್ಲದೆ ಇನ್ನಾರದು? ಸುಳ್ಳು ವೋಟುಗಳ ವಿಷಯದಲ್ಲಿ ಬಿಸಿಯಾಗಿ ಮಾತನಾಡುವ ವಿದ್ಯಾವಂತರು ತಮ್ಮ ಹೆಸರು ಎಷ್ಟು ಪಟ್ಟಿಗಳಲ್ಲಿದೆಯೆಂದು ಮೊದಲು ನೋಡಿಕೊಳ್ಳುವುದು ಮೇಲು. ವಿಳಾಸ ಬದಲಾಯಿಸಲು ನಮೂನೆ 8 ಇದೆ. ಹೊಸದಾಗಿ ಸೇರಲು ನಮೂನೆ 6 ಇದೆ. ಹಿಂದೆ ಜನವರಿ 1ರಂದು ಹದಿನೆಂಟು ತುಂಬಿದವರಿಗೆ ಮಾತ್ರ ಆ ವರ್ಷದ ಅವಕಾಶವಿದ್ದಿತು. 2022ರಿಂದೀಚೆಗೆ ವರ್ಷಕ್ಕೆ ಇಂತಹ ನಾಲ್ಕು ದಿನಾಂಕಗಳು ಏರ್ಪಟ್ಟಿವೆ. ಅನ್ಯಾಯವಾಗಿ ಹೆಸರು ಹೋದರೆ ಜಿಲ್ಲಾಧಿಕಾರಿಗಳಿಗೆ ಹದಿನೈದು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಪಟ್ಟಿಯನ್ನು ಮುಟ್ಟುವಂತಿಲ್ಲ. ಮತದಾನದ ದಿನ ಗಲಾಟೆಮಾಡಿ ಪ್ರಯೋಜನವಿಲ್ಲ; ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ವೋಟಿಲ್ಲ.

ಸಾರಾಂಶವಿಷ್ಟು. ಕಾವಲು ಬೇಕು, ಅದಿಲ್ಲದ ಚುನಾವಣೆ ಬಲಾಢ್ಯರ ಪಾಲಾಗುವುದು. ದಾರಿಯೂ ಬೇಕು, ಅದಿಲ್ಲದ ಚುನಾವಣೆ ಕೆಲವರ ಪಾಲಾಗುವುದು. ಸಂಶಯದ ಸಂದರ್ಭದಲ್ಲಿ ಹೊರೆಯನ್ನು ಯಾರು ಹೊರಬೇಕೆಂಬ ಪ್ರಶ್ನೆ ಬಂದರೆ, ಬಲವುಳ್ಳವನು ಹೊರಲಿ ಎಂಬುದೇ ನಮ್ಮ ಅಭಿಪ್ರಾಯ. ಸರ್ಕಾರಕ್ಕೆ ಕಚೇರಿಯಿದೆ, ಸಿಬ್ಬಂದಿಯಿದೆ, ದಫ್ತರವಿದೆ. ಕೂಲಿಗೆ ಹೋಗುವವನಿಗೆ ಒಂದು ದಿನದ ಕೂಲಿ ಮಾತ್ರ ಇದೆ. ಆ ಕೂಲಿಯನ್ನು ಬಿಟ್ಟು ಆತ ಮತಗಟ್ಟೆಗೆ ಬಂದಾಗ, ನಿನ್ನ ಹೆಸರಿಲ್ಲ ಹೋಗು ಎಂಬ ಮಾತು ಅವನ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಅಧಿಕಾರಿಗಳ ಕರ್ತವ್ಯ. ಅವನ ಹೆಸರಿನಲ್ಲಿ ಬೇರೊಬ್ಬನು ವೋಟು ಹಾಕದಂತೆ ನೋಡಿಕೊಳ್ಳುವುದೂ ಅದೇ ಅಧಿಕಾರಿಗಳ ಕರ್ತವ್ಯ. ಮುಂದಿನ ಸಲ ಕರಡು ಪಟ್ಟಿ ಪ್ರಕಟವಾದಾಗ ನಾವೆಲ್ಲರೂ ನಮ್ಮ ಹೆಸರನ್ನು ನೋಡಿಕೊಳ್ಳುವುದರ ಜೊತೆಗೆ, ನಮ್ಮ ಮನೆಗೆ ಕೆಲಸಕ್ಕೆ ಬರುವವರ ಹೆಸರನ್ನೂ, ಓದಲು ಬಾರದ ನೆರೆಯವರ ಹೆಸರನ್ನೂ ನೋಡಿ ಹೇಳಿದರೆ, ಈ ಹೊತ್ತಿನ ಮಾತು ಸಾರ್ಥಕವಾದೀತು.